ಹೆಡ್‌ಲೈಟಿಗೊಂದು ಸ್ವಿಚ್ಚು, ಮರೆತರೂ ಉರಿಯುವಂಥದ್ದು

ನಮ್ಮ ಕಡೆಯ ರಸ್ತೆಗಳಲ್ಲಿ ಒಂದು ಕೈಸನ್ನೆ ಇತ್ತು. ಹಗಲಲ್ಲಿ ಯಾರಾದರೂ ಬೈಕಿನ ಲೈಟ್ ಉರಿಸಿಕೊಂಡು ಬಂದರೆ ಎದುರಿನವರು ಕೈ ಮೇಲೆತ್ತಿ ಐದೂ ಬೆರಳು ಕೂಡಿಸಿ ಬಿಡಿಸಿ, ಕೂಡಿಸಿ ಬಿಡಿಸಿ ತೋರಿಸುತ್ತಿದ್ದರು. ಬಸ್ಸಿನ ಡ್ರೈವರು, ರಿಕ್ಷಾದವರು, ಸೊಸೈಟಿಗೆ ಹಾಲು ಕೊಟ್ಟು ಖಾಲಿ ಕ್ಯಾನ್ ಹಿಡಿದು ನಡೆದು ಬರುವ ಅಜ್ಜಂದಿರು, ಎಲ್ಲರೂ. ಪರಿಚಯ ಇರಬೇಕೆಂದೇನೂ ಇಲ್ಲ. ಕಾಸರಗೋಡಿನಲ್ಲಿ ಒಂದು ಪೇಟೆ ದಾಟುವುದರೊಳಗೆ ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬೀಳುತ್ತವೆ. ಈ ಸನ್ನೆ ಮಾತ್ರ ಎಲ್ಲರಿಗೂ ಒಂದೇ. ಲೈಟ್ ಉರೀತಾ ಉಂಟು ಮಾರಾಯ, ಆಫ್ ಮಾಡು, ಅಷ್ಟೇ.

2017ರ ಏಪ್ರಿಲ್ 1ರಿಂದ ಆ ಸನ್ನೆಗೆ ಕೆಲಸವಿಲ್ಲದಂತಾಯಿತು. ಅಂದಿನಿಂದ ನಮ್ಮ ದೇಶದಲ್ಲಿ ತಯಾರಾಗುವ ಬೈಕು, ಸ್ಕೂಟರುಗಳಲ್ಲಿ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಹೆಡ್‌ಲೈಟ್ ತಾನಾಗಿ ಉರಿಯಲೇಬೇಕು. ಎಎಚ್‌ಒ ಅಂತಾರಲ್ಲ, ಆಟೋಮ್ಯಾಟಿಕ್ ಹೆಡ್‌ಲೈಟ್ ಆನ್, ಅದೇ. ಬಿಎಸ್-4 ಎಲ್ಲ ಕಡೆ ಕಡ್ಡಾಯವಾದದ್ದೂ ಅದೇ ದಿನ, ಹಾಗಾಗಿ ತುಂಬಾ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಅಲ್ಲ, ಅದು ಹೊಗೆಯ ವಿಷಯ, ಇದು ಬೆಳಕಿನ ವಿಷಯ. ನನ್ನ 2018ರ ಗಾಡಿಯ ಬಲಗಡೆ ಹ್ಯಾಂಡಲ್ ನೋಡಿದರೆ ಮೊದಲು ಲೈಟಿನ ಸ್ವಿಚ್ಚು ಇರುತ್ತಿದ್ದ ಜಾಗದಲ್ಲಿ ಒಂದು ಬೋಳು ಪ್ಲಾಸ್ಟಿಕ್ ತುಂಡು ಉಂಟು. ಮೇಲೆ ಏನೂ ಬರೆದಿಲ್ಲ. ಒತ್ತಿದರೆ ಅಲ್ಲಾಡುವುದೂ ಇಲ್ಲ. ಆದರೂ ಹಳೇ ಗಾಡಿ ಓಡಿಸಿದವರ ಹೆಬ್ಬೆರಳು ಸಂಜೆಯಾದರೆ ಸುಮ್ನೆ ಅಲ್ಲಿಗೇ ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಹಗಲಲ್ಲಿ ಲೈಟ್ ಉರಿಯುವುದರ ಬಗ್ಗೆ ನನಗೆ ತಕರಾರಿಲ್ಲ. ಅದು ಒಳ್ಳೆಯದೇ. ಯುರೋಪಿನಲ್ಲಿ ನಮಗಿಂತ ಮೊದಲೇ ಹೀಗೆ ಆಗಿದೆ. ಮಲೇಷ್ಯಾದಲ್ಲಿ 1992ರಲ್ಲೇ ಬೈಕಿನವರು ಹಗಲೂ ಲೈಟ್ ಹಾಕಬೇಕು ಎಂದು ಮಾಡಿದರು, ಆಮೇಲೆ ಅಲ್ಲಿ ಬೈಕು ಕಾಣದೆ ಆಗುವ ಅಪಘಾತ ಕಡಿಮೆಯೂ ಆಯಿತು. ಅಷ್ಟು ದೂರ ಹೋಗುವುದೂ ಬೇಡ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಮಧ್ಯಾಹ್ನ ಒಂದು ಸಲ ಹೋಗಿ ನೋಡಿ. ಒಂದು ತಿರುವಿನಲ್ಲಿ ಕಣ್ಣು ಕುಕ್ಕುವ ಬಿಸಿಲು, ಮುಂದಿನ ತಿರುವಿನಲ್ಲಿ ಮರಗಳ ಗವ್ವೆನ್ನುವ ನೆರಳು. ಬಿಸಿಲಿನಿಂದ ನೆರಳಿಗೆ ನುಗ್ಗುವ ಬಸ್ಸಿನ ಡ್ರೈವರಿಗೆ ಆ ಕ್ಷಣದಲ್ಲಿ ಕಪ್ಪು ಬೈಕು, ಕಪ್ಪು ಹೆಲ್ಮೆಟ್ಟು, ಕಪ್ಪು ಜರ್ಕಿನ್ನು ಕಾಣುವುದಾದರೂ ಹೇಗೆ? ಲೈಟ್ ಇದ್ದರೆ ಕಾಣುತ್ತದೆ. ಇನ್ನು ಜೂನ್ ಬಂದರೆ ಕೇಳುವುದೇ ಬೇಡ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಜಿಲ್ಲೆ ನಮ್ಮದು, ಜುಲೈಯಲ್ಲಿ ಹನ್ನೆರಡು ಗಂಟೆಗೂ ಮುಸ್ಸಂಜೆಯ ಹಾಗೆ ಇರುತ್ತದೆ.

ಹಾಗಾದರೆ ನನ್ನ ಗಾಡಿಗೆ ನಾನೇ ಲೈಟ್ ಆಫ್ ಮಾಡುವ ಸ್ವಿಚ್ಚು ಹಾಕಿಕೊಂಡದ್ದು ಯಾಕೆ?

ಯಾಕೆಂದರೆ ರಸ್ತೆ ಮುಗಿದ ಮೇಲೂ ಗಾಡಿ ಓಡುತ್ತದೆ. ಪೇಟೆಯವರಿಗೆ ಇದು ಅಷ್ಟು ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಡಾಂಬರು ರಸ್ತೆಯಿಂದ ಮನೆಗೆ ಬರಬೇಕಾದರೆ ಮಣ್ಣಿನ ದಾರಿ, ಆಮೇಲೆ ತೋಟದ ಬದಿ, ಆಮೇಲೆ ಒಂದು ಜೋರು ಏರು, ಏರು ಮುಗಿದದ್ದೇ ಅಂಗಳ. ಆ ಏರನ್ನು ಎಂಜಿನ್ ಆಫ್ ಮಾಡಿ ದೂಡಿಕೊಂಡು ಹತ್ತುವುದು ಆಗುವ ಕೆಲಸ ಅಲ್ಲ. ಏರಿನಲ್ಲಿ ಗಾಡಿಯ ಮೂತಿ ಮೇಲೆ ಇರುತ್ತದೆ, ಹೆಡ್‌ಲೈಟು ನೇರ ಜಗಲಿಗೆ, ಜಗಲಿಯಿಂದ ಕಿಟಕಿಗೆ, ಕಿಟಕಿಯಿಂದ ಒಳಗೆ ಮಲಗಿದವರ ಮುಖಕ್ಕೆ. ರಾತ್ರಿ ತಡವಾಗಿ ಬಂದರೆ ಮನೆಯವರು, ಹಟ್ಟಿಯಲ್ಲಿ ದನ, ಪಕ್ಕದ ಮನೆಯ ನಾಯಿ ಎಲ್ಲರಿಗೂ ಎಚ್ಚರ. ಶಬ್ದಕ್ಕೆ ಏಳದ ದನ ಬೆಳಕಿಗೆ ಏಳುತ್ತದೆ, ಇದು ನಾನು ನೋಡಿ ತಿಳಿದದ್ದು.

ಅದಕ್ಕಿಂತ ದೊಡ್ಡದು ಬಯಲಾಟ, ಅಂದರೆ ಯಕ್ಷಗಾನ. ನವೆಂಬರಿನಿಂದ ಮೇ ತನಕ ನಮ್ಮ ಕಡೆ ಆಟ ನೋಡಲು ಹೋಗದವರು ಕಡಿಮೆ. ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ರಂಗಸ್ಥಳ ಹಾಕಿರುತ್ತಾರೆ. ಬೈಕು ನಿಲ್ಲಿಸುವ ಜಾಗ ಎಲ್ಲಿ? ಸಾಮಾನ್ಯವಾಗಿ ಪ್ರೇಕ್ಷಕರ ಹಿಂದೆ ಇಲ್ಲವೇ ಬದಿಯಲ್ಲಿ. ತಡವಾಗಿ ಬಂದವ ಗದ್ದೆಗೆ ಇಳಿದು, ಹುಣಿ (ಗದ್ದೆಯ ಬದು) ಹತ್ತಿಸಿ, ಗಾಡಿ ತಿರುಗಿಸುವಾಗ ಅವನ ಲೈಟು ಕುಳಿತವರ ಬೆನ್ನು ಸವರಿ, ರಂಗಸ್ಥಳಕ್ಕೆ ಹೋಗಿ, ಭಾಗವತರ ಮುಖದ ಮೇಲೆ ನಿಲ್ಲುತ್ತದೆ. ಒಳ್ಳೆಯ ಪದ್ಯ ನಡೆಯುತ್ತಿರುತ್ತದೆ, ಚೆಂಡೆ ಏರುತ್ತಿರುತ್ತದೆ, ನಡುವೆ ಹಿಂದಿನಿಂದ ಯಾರೋ ಕಿರುಚುತ್ತಾರೆ, "ಲೈಟ್ ಆಫ್ ಮಾಡಿ ಮಾರಾಯ್ರೇ!" ಅವ ಎಲ್ಲಿಂದ ಮಾಡುವುದು? ಸ್ವಿಚ್ಚೇ ಇಲ್ಲ. ಕೀ ಆಫ್ ಮಾಡಿ, ಕೆಸರಿನಲ್ಲಿ ಕಾಲೂರಿ, ಹಿಂದೆ ಕುಳಿತ ಹೆಂಡತಿಯನ್ನು ಇಳಿಸಿ, ಕತ್ತಲೆಯಲ್ಲಿ ದೂಡುತ್ತಾನೆ. ಹಳೇ ಗಾಡಿಯವನಾದರೆ ಹೆಬ್ಬೆರಳಲ್ಲಿ ಟಕ್ ಅಂತ ಒತ್ತಿ ಮುಗಿಸುತ್ತಿದ್ದ.

ಸ್ವಿಚ್ಚು ಬೇಕು ಅನ್ನುವವರು ಕೊಡುವ ಬೇರೆ ಕಾರಣಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಸತ್ವ ಇಲ್ಲದವು.

ಮೊದಲನೆಯದು ಪೆಟ್ರೋಲ್. ಹಗಲಿಡೀ ಲೈಟ್ ಉರಿದರೆ ಮೈಲೇಜ್ ಕಡಿಮೆಯಾಗುತ್ತದೆ ಅಂತ. ಲೆಕ್ಕ ಹಾಕೋಣ. ನನ್ನ ಗಾಡಿಯದ್ದು ಎಚ್‌ಎಸ್1 ಬಲ್ಬು, ಡಿಮ್ಮಿಗೂ 35 ವ್ಯಾಟ್, ಹೈ ಬೀಮಿಗೂ 35 ವ್ಯಾಟ್. ಎಂಜಿನ್ ಕೊಡುವ ಸಾವಿರಾರು ವ್ಯಾಟ್ ಶಕ್ತಿಯ ಎದುರು 35 ವ್ಯಾಟ್ ಯಾವ ಲೆಕ್ಕ? ಅದೂ ಅಲ್ಲದೆ, ಸಣ್ಣ ಬೈಕುಗಳಲ್ಲಿ ಜಾಸ್ತಿ ಇರುವುದು ಷಂಟ್ ಮಾದರಿಯ ರೆಗ್ಯುಲೇಟರ್. ಕಾಯಿಲ್ ಮತ್ತು ಮ್ಯಾಗ್ನೆಟ್ ಎಂಜಿನ್ ತಿರುಗಿದಷ್ಟೂ ಹೊತ್ತು ಕರೆಂಟು ಮಾಡುತ್ತಲೇ ಇರುತ್ತವೆ. ಬೇಕಾದಷ್ಟನ್ನು ಬ್ಯಾಟರಿ ಮತ್ತು ಲೈಟು ತೆಗೆದುಕೊಳ್ಳುತ್ತವೆ. ಹೆಚ್ಚಾದದ್ದನ್ನು ರೆಗ್ಯುಲೇಟರ್ ಅರ್ತ್ ಮಾಡಿ ಬಿಡುತ್ತದೆ, ಕೆರೆ ತುಂಬಿದ ಮೇಲೆ ನೀರು ತೋಡಿಗೆ ಹರಿದು ಹೋದ ಹಾಗೆ. ಲೈಟ್ ಆಫ್ ಮಾಡಿದರೆ ತೋಡಿಗೆ ಹೋಗುವುದು ಜಾಸ್ತಿಯಾಗುತ್ತದೆ ಅಷ್ಟೇ. ಎಂಜಿನ್ನಿಗೆ ಹಗುರವಾಗುವುದಿಲ್ಲ.

ಎರಡನೆಯದು ಬ್ಯಾಟರಿ. ಎಂಜಿನ್ ಓಡುವಾಗ ಲೈಟು ಉರಿದರೆ ಬ್ಯಾಟರಿ ಇಳಿಯುವುದಿಲ್ಲ, ಚಾರ್ಜಿಂಗ್ ಸರಿ ಇದ್ದರೆ. ಎಂಜಿನ್ ಓಡುತ್ತಾ ಇರುವಾಗ ಬ್ಯಾಟರಿಯ ಟರ್ಮಿನಲ್‌ಗೆ ಮೀಟರ್ ಹಿಡಿದು ಆಕ್ಸಿಲೇಟರ್ ಸ್ವಲ್ಪ ಕೊಟ್ಟು ನೋಡಿ. 13.5ರಿಂದ 14.5 ವೋಲ್ಟ್ ಒಳಗೆ ಇದ್ದರೆ ಚಿಂತೆ ಬೇಡ. ಅಷ್ಟು ಬರುತ್ತಾ ಇಲ್ಲ ಅಂತಾದರೆ ನಿಮಗೆ ಬೇಕಾದದ್ದು ಸ್ವಿಚ್ಚಲ್ಲ, ರೆಗ್ಯುಲೇಟರ್ ಅಥವಾ ಕಾಯಿಲ್ ನೋಡುವ ಮೆಕ್ಯಾನಿಕ್.

ಮೂರನೆಯದು ಬಲ್ಬು. ಹೌದು, ಹಗಲೂ ಉರಿದರೆ ಬಲ್ಬು ಬೇಗ ಹೋಗುತ್ತದೆ, ಇದು ಮಾತ್ರ ನಿಜ. ಆದರೆ ಬಲ್ಬಿನ ಫಿಲಮೆಂಟು ತಣ್ಣಗಿರುವಾಗ ಅದರ ರೆಸಿಸ್ಟೆನ್ಸು ಬಿಸಿಯಾದಾಗ ಇರುವುದರ ಸುಮಾರು ಹತ್ತನೇ ಒಂದು ಪಾಲು. ಅಂದರೆ ಪ್ರತಿ ಸಲ ಆನ್ ಮಾಡುವಾಗ ಒಂದು ಕ್ಷಣ ಅದಕ್ಕೆ ದೊಡ್ಡ ಏಟು ಬೀಳುತ್ತದೆ. ಸ್ವಿಚ್ಚು ಸಿಕ್ಕಿತೆಂದು ಪ್ರತಿ ತಿರುವಿಗೂ ಆನ್ ಆಫ್ ಮಾಡುತ್ತಾ ಕುಳಿತರೆ ಉಳಿಸಿದ ಆಯುಷ್ಯ ಅಲ್ಲೇ ಹೋಯಿತು.

ಇನ್ನು ಕಾನೂನು. ಇದನ್ನು ಬಿಟ್ಟು ಬರೆದರೆ ಸರಿಯಾಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ 182ಎ ಸೇರಿತು. ಅದರಲ್ಲಿ ಮಾಲೀಕ ಅನುಮತಿ ಇಲ್ಲದ ಬದಲಾವಣೆ ಮಾಡಿದರೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದೇ 52ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟದ್ದು ಕೂಡ ಕೇರಳದಿಂದ ಹೋದ ಕೇಸಿನಲ್ಲೇ. ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಅಂತ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಕೇರಳದಲ್ಲಿ ಗಾಡಿ ಮಾಡಿಫೈ ಮಾಡಿದವರ ಮೇಲೆ ಎಂವಿಡಿಯವರ, ಅಂದರೆ ಮೋಟಾರು ವಾಹನ ಇಲಾಖೆಯವರ ಕಣ್ಣು ಯಾವಾಗಲೂ ಇದ್ದದ್ದೇ. ನಮ್ಮ ಕೆಎಲ್-14 ಗಾಡಿ ಗಡಿಯ ಅಡ್ಕಸ್ಥಳ ದಾಟಿ ಕರ್ನಾಟಕದ ಪುತ್ತೂರಿಗೆ ಹೋದರೂ ಕಾಯ್ದೆ ಕೇಂದ್ರದ್ದು, ಎರಡೂ ಕಡೆ ಒಂದೇ.

2017ರ ಏಪ್ರಿಲಿಗಿಂತ ಹಳೆಯ ಗಾಡಿಯಲ್ಲಿ ಕಂಪನಿಯೇ ಕೊಟ್ಟ ಸ್ವಿಚ್ಚು ಉಂಟಲ್ಲ, ಅದಕ್ಕೆ ಇದು ಯಾವುದೂ ಅನ್ವಯವಾಗುವುದಿಲ್ಲ. ಆ ಸ್ವಿಚ್ಚು ಹಾಳಾದರೆ ಅಂಥದ್ದೇ ಹೊಸತು ಹಾಕಿದರಾಯಿತು. ತಾಪತ್ರಯ ಇರುವುದು ನನ್ನ ಹಾಗೆ ಅದರ ನಂತರ ಕೊಂಡವರಿಗೆ. ಸ್ವಿಚ್ಚಿನಿಂದ ಅಂಗಳದಲ್ಲಿ ಮಾತ್ರ ಆಫ್ ಮಾಡುತ್ತೇನೆ ಅನ್ನುವ ವಾದಕ್ಕೆ ಕಾಯ್ದೆಯಲ್ಲಿ ಜಾಗ ಇಲ್ಲ. ಇದು ತಿಳಿದೇ ನಾನು ಹಾಕಿದ್ದು, ದಂಡ ಬಿದ್ದರೆ ಕಟ್ಟಬೇಕಾದವನೂ ನಾನೇ. ನೀವು ಹಾಕುತ್ತೀರಾದರೆ ಇದನ್ನು ಓದಿಕೊಂಡು ಹಾಕಿ. ಹೊಸ ಗಾಡಿಯಾದರೆ ವಾರಂಟಿಯ ಮಾತೂ ಉಂಟು. ವಯರಿಂಗ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿ ಕೊಡಲು ಕಂಪನಿಯವರು ಒಪ್ಪಲಿಕ್ಕಿಲ್ಲ.

ನಮ್ಮ ಊರುಗಳಲ್ಲಿ ಈಗಾಗಲೇ ಈ ಕೆಲಸ ನಡೆಯುತ್ತದೆ, ಗುಟ್ಟೇನೂ ಅಲ್ಲ. ಹ್ಯಾಂಡಲಿಗೆ ಒಂದು ಫಾಗ್ ಲ್ಯಾಂಪ್ ಸ್ವಿಚ್ಚು ಸಿಕ್ಕಿಸಿ, ಹೆಡ್‌ಲೈಟಿಗೆ ಬರುವ ವಯರನ್ನು ಕತ್ತರಿಸಿ, ಎರಡು ತುದಿ ಅದಕ್ಕೆ ಕೊಟ್ಟು, ಕಪ್ಪು ಟೇಪು ಸುತ್ತಿ ಬಿಡುವುದು. ಟೀ ಕುಡಿಯುವುದರೊಳಗೆ ಮುಗಿಯುತ್ತದೆ. ಮನೆಯ ಮಂಚದ ಬದಿಗೆ ಹಾಕುವ ಬೆಡ್ ಸ್ವಿಚ್ಚನ್ನು ಬೈಕಿಗೆ ಹಾಕಿದ್ದನ್ನೂ ನೋಡಿದ್ದೇನೆ. ಮಳೆಗೂ ಅದುರುವಿಕೆಗೂ ಮಾಡಿದ ಸ್ವಿಚ್ಚಲ್ಲ ಅದು, ಜೂನ್ ದಾಟಿದರೆ ದೊಡ್ಡದು.

ಗೆಳೆಯನೊಬ್ಬನ ಗಾಡಿಯದ್ದು ಇನ್ನೂ ಚೆಂದ. ಯಾರೋ ಅವನಿಗೆ ಬಲ್ಬಿನ ಅರ್ತ್ ವಯರನ್ನೇ ಸ್ವಿಚ್ಚಿಗೆ ಕೊಟ್ಟಿದ್ದರು. ಬಲ್ಬಿಗೆ ಮೂರು ಕಾಲು: ಡಿಮ್ಮಿನದ್ದು ಒಂದು, ಹೈ ಬೀಮಿನದ್ದು ಒಂದು, ಇಬ್ಬರಿಗೂ ಸೇರಿದ ಅರ್ತ್ ಒಂದು. ಅರ್ತ್ ಕಟ್ ಮಾಡಿದರೆ ಎರಡೂ ಆರುತ್ತವೆ, ಒಂದೇ ವಯರಿನಲ್ಲಿ ಕೆಲಸ ಮುಗಿಯಿತು ಅಂತ ಲೆಕ್ಕ. ಲೈಟೇನೋ ಆರಿತು. ಆದರೆ ಸ್ವಿಚ್ಚು ಆಫ್ ಮಾಡಿದಾಗೆಲ್ಲ ಮೀಟರಿನಲ್ಲಿ ಹೈ ಬೀಮಿನ ನೀಲಿ ದೀಪ ಉರಿಯಲು ಶುರು! ಭೂತ ಹಿಡಿದಿದೆ ಅಂತ ಅವ. ಭೂತ ಅಲ್ಲ. ಡಿಮ್ಮಿನ ವಯರಿನಲ್ಲಿ ಬಂದ ಕರೆಂಟಿಗೆ ಅರ್ತಿನ ದಾರಿ ಮುಚ್ಚಿದೆ. ಅದು ಡಿಮ್ಮಿನ ಫಿಲಮೆಂಟು ದಾಟಿ, ಹೈ ಬೀಮಿನ ಫಿಲಮೆಂಟಿನಲ್ಲಿ ಉಲ್ಟಾ ಹೊರಟು, ಅದರ ವಯರು ಹಿಡಿದು ಮೀಟರಿನ ನೀಲಿ ದೀಪದ ಮೂಲಕ ಅರ್ತ್ ಸೇರುತ್ತದೆ. ಆ ಪುಟಾಣಿ ದೀಪಕ್ಕೆ ಅಷ್ಟು ಕರೆಂಟು ಸಾಕು. ಹೆಡ್‌ಲೈಟಿನ ಫಿಲಮೆಂಟು ಕೆಂಪಾಗುವುದಕ್ಕೂ ಅದು ಸಾಲುವುದಿಲ್ಲ.

ನನಗೆ ಇವುಗಳಲ್ಲಿ ನಿಜವಾದ ತಕರಾರು ಬೇರೆ. ಮಾಮೂಲಿ ಸ್ವಿಚ್ಚು ಇಟ್ಟ ಕಡೆ ಇರುತ್ತದೆ. ರಾತ್ರಿ ಅಂಗಳದಲ್ಲಿ ಆಫ್ ಮಾಡಿದ್ದು ಬೆಳಿಗ್ಗೆಯೂ ಆಫ್. ಹಗಲಲ್ಲಿ ಹೊರಟವನಿಗೆ ಅದು ಗೊತ್ತೇ ಆಗುವುದಿಲ್ಲ. ಸಂಜೆ ತನಕ ಲೈಟಿಲ್ಲದೆ ಓಡಾಡುತ್ತಾನೆ, ಅದೂ ಇನ್ನೊಬ್ಬರಿಗೆ ನಾವು ಕಾಣಬೇಕಾದ ಹೊತ್ತಿನಲ್ಲಿ. ಆಟದ ಗದ್ದೆಯಲ್ಲಿ ಒಂದು ನಿಮಿಷ ಆಫ್ ಮಾಡುವುದಕ್ಕೋಸ್ಕರ ದಿನವಿಡೀ ಕಾಣದವನಾಗುವುದು ಬುದ್ಧಿವಂತಿಕೆಯಾ?

ಹಾಗಾಗಿ ನನಗೆ ಬೇಕಾದದ್ದು ಆಫ್ ಮಾಡಿದರೆ ಆಫ್ ಆಗಬೇಕು, ಆದರೆ ಕೀ ತೆಗೆದು ಮತ್ತೆ ಹಾಕಿದರೆ ನಾನು ಏನೂ ಮಾಡದೆ ಲೈಟು ಹತ್ತಬೇಕು. ಸ್ವಿಚ್ಚಿನ ವಯರು ಇಲಿ ಕಡಿದರೂ, ರಿಲೇಯ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್ಚು) ಕಾಯಿಲ್ ಸುಟ್ಟು ಹೋದರೂ ಲೈಟು ಉರಿಯುವ ಕಡೆಗೇ ಬೀಳಬೇಕು. ಕತ್ತಲೆಯಲ್ಲಿ ಆಫ್ ಮಾಡಿ ಹೋಗುವಾಗ ಎದುರಿಗೆ ಹಂದಿಯೋ ಗುಂಡಿಯೋ ಬಂದರೆ ಒಂದು ಬೆರಳಲ್ಲಿ ಬೆಳಕು ಬರಬೇಕು.

ಇದಕ್ಕೆ ದೊಡ್ಡ ಸಾಮಾನು ಏನೂ ಬೇಡ. ಎರಡು ಜೋಡಿ ಕಾಂಟ್ಯಾಕ್ಟ್ ಇರುವ 12 ವೋಲ್ಟಿನ ಒಂದು ರಿಲೇ, ಎಂಟು ಕಾಲಿನದ್ದು. ಒತ್ತಿದಾಗ ಮಾತ್ರ ಸೇರುವ ಒಂದು ಪುಶ್ ಬಟನ್, ಹಾರ್ನ್ ಬಟನ್ ಇರುತ್ತದಲ್ಲ ಆ ತರದ್ದು. ಎಚ್4 ಬಲ್ಬಿನ ಒಂದು ಎಕ್ಸ್‌ಟೆನ್ಶನ್, ಅಂದರೆ ಒಂದು ತುದಿಯಲ್ಲಿ ಗಂಡು ಕಪ್ಲರ್ (ವಯರು ಸೇರಿಸುವ ಪ್ಲಗ್ಗು), ಇನ್ನೊಂದರಲ್ಲಿ ಹೆಣ್ಣು. ಎಚ್‌ಎಸ್1 ಬಲ್ಬಿಗೂ ಅದೇ ಕಪ್ಲರ್ ಕೂರುತ್ತದೆ. ಸ್ವಲ್ಪ 1 ಸ್ಕ್ವೇರ್ ಎಂಎಂ ವಯರು, ಫ್ಯೂಸ್ ಹೋಲ್ಡರು, ಬಿಸಿ ಮಾಡಿದರೆ ಬಿಗಿಯುವ ಸ್ಲೀವು. ಎಲ್ಲ ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತವೆ. ಎಂಟು ಕಾಲಿನ ರಿಲೇ ಸಿಗದಿದ್ದರೆ ಟಿವಿ ರಿಪೇರಿಯವರ ಹತ್ತಿರ ಕೇಳಿ.

ಎಕ್ಸ್‌ಟೆನ್ಶನ್ ಯಾಕೆ ಅಂದರೆ, ಕತ್ತರಿಸುವುದು ಅದನ್ನು. ಗಾಡಿಯ ವಯರಿಗೆ ಕತ್ತರಿ ಹಾಕಲೇಬಾರದು. ಹೆಡ್‌ಲೈಟ್ ಬಿಚ್ಚಿ, ಬಲ್ಬಿನ ಹಿಂದಿನ ಕಪ್ಲರ್ ಎಳೆದು, ನಡುವೆ ಎಕ್ಸ್‌ಟೆನ್ಶನ್ ಸೇರಿಸಿದರೆ ಆಯಿತು. ಬೇಡವಾದ ದಿನ ಅದನ್ನು ತೆಗೆದು ಮೊದಲಿನ ಹಾಗೆ ಒತ್ತಿದರೆ ಗಾಡಿ ಶೋರೂಮಿನಿಂದ ಬಂದ ಹಾಗೆಯೇ.

ಮೂರರಲ್ಲಿ ಡಿಮ್ಮಿನ ವಯರು ಯಾವುದು ಅಂತ ಬಣ್ಣ ನೋಡಿ ಹೇಳಬೇಡಿ. ಕಂಪನಿಗೊಂದು ಬಣ್ಣ. ಮೀಟರ್ ಹಿಡಿಯಿರಿ. ಎಂಜಿನ್ ಸ್ಟಾರ್ಟ್ ಮಾಡಿ, ಡಿಮ್ಮಿನಲ್ಲಿ ಇಟ್ಟು, ಯಾವ ಕಾಲಿನಲ್ಲಿ ವೋಲ್ಟೇಜ್ ಬರುತ್ತದೆ ನೋಡಿ. ಹೈಗೆ ಹಾಕಿದಾಗ ಅದು ಹೋಗಬೇಕು. ಡಿಸಿ ಸೆಟ್ಟಿಂಗಿನಲ್ಲಿ ಏನೂ ಸರಿಯಾಗಿ ತೋರಿಸದಿದ್ದರೆ ಎಸಿಗೆ ತಿರುಗಿಸಿ ನೋಡಿ, ಸಣ್ಣ ಗಾಡಿಗಳಲ್ಲಿ ಹೆಡ್‌ಲೈಟಿಗೆ ಕಾಯಿಲಿನಿಂದ ನೇರ ಎಸಿ ಬರುವುದುಂಟು. ಆಕ್ಸಿಲೇಟರ್ ಕೊಟ್ಟ ಹಾಗೆ ಲೈಟು ಜೋರಾಗುವ ಗಾಡಿಗಳು ಅವೇ. ಕೆಲವು ಗಾಡಿಗಳಲ್ಲಿ ಮೂರನೇ ಕಾಲು ಅರ್ತ್ ಆಗಿರದೆ ಪಾಸಿಟಿವ್ ಆಗಿರುತ್ತದೆ, ಅಂಥದ್ದಾದರೆ ಇಲ್ಲಿ ಬರೆದದ್ದನ್ನು ಹಾಗೇ ಮಾಡಬೇಡಿ.

ಎಕ್ಸ್‌ಟೆನ್ಶನ್ನಿನ ಡಿಮ್ಮಿನ ವಯರು ಕತ್ತರಿಸಿ ಎರಡು ತುದಿಯನ್ನೂ ರಿಲೇಯ ಮೊದಲ ಜೋಡಿಯ ಎನ್‌ಸಿ ಕಾಂಟ್ಯಾಕ್ಟಿಗೆ ಕೊಡಬೇಕು. ಎನ್‌ಸಿ ಅಂದರೆ ರಿಲೇಗೆ ಕರೆಂಟು ಇಲ್ಲದಾಗ ಸೇರಿಕೊಂಡೇ ಇರುವ ಕಾಂಟ್ಯಾಕ್ಟು. ಅಂದರೆ ರಿಲೇ ಸತ್ತರೂ ಲೈಟು ಉರಿಯುತ್ತದೆ. ಕೀ ಆನ್ ಮಾಡಿದಾಗ ಮಾತ್ರ ಬರುವ ಪಾಸಿಟಿವ್ ಒಂದು ಬೇಕು, ನಾನು ಇಂಡಿಕೇಟರ್ ಫ್ಲಾಶರಿಗೆ ಬರುವ ಸಾಲಿನಿಂದ ತೆಗೆದೆ, 2 ಆಂಪಿಯರ್ ಫ್ಯೂಸ್ ಹಾಕಿ. ಅದು ರಿಲೇ ಕಾಯಿಲಿನ ಒಂದು ತುದಿಗೆ. ಇನ್ನೊಂದು ತುದಿ ಪುಶ್ ಬಟನ್ ಮೂಲಕ ಅರ್ತಿಗೆ. ರಿಲೇಯ ಎರಡನೇ ಜೋಡಿಯ ಎನ್‌ಒ ಕಾಂಟ್ಯಾಕ್ಟನ್ನು (ರಿಲೇಗೆ ಕರೆಂಟು ಬಂದಾಗ ಮಾತ್ರ ಸೇರುವಂಥದ್ದು) ಆ ಬಟನ್ನಿಗೆ ಅಡ್ಡವಾಗಿ, ಅಂದರೆ ಬಟನ್ನಿನ ಎರಡೂ ತುದಿಗೆ ಸೇರಿಸಬೇಕು. ಎನ್‌ಸಿ ಯಾವ ಕಾಲು, ಎನ್‌ಒ ಯಾವ ಕಾಲು ಅಂತ ರಿಲೇಯ ಮೈಮೇಲೆ ಚಿತ್ರ ಇರುತ್ತದೆ. ಇಲ್ಲದಿದ್ದರೆ ಮೀಟರಿನ ಬೀಪ್ ಸದ್ದಿನಲ್ಲಿ ಹುಡುಕಿ.

ಇಲ್ಲೇ ಆಟ ಇರುವುದು. ಬಟನ್ ಒತ್ತಿದ ಕೂಡಲೇ ರಿಲೇ ಎಳೆಯುತ್ತದೆ, ಲೈಟಿನ ದಾರಿ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಎರಡನೇ ಜೋಡಿ ಸೇರಿಕೊಂಡು ತನ್ನ ಅರ್ತನ್ನು ತಾನೇ ಹಿಡಿದುಕೊಳ್ಳುತ್ತದೆ. ಬೆರಳು ತೆಗೆದರೂ ರಿಲೇ ಬಿಡುವುದಿಲ್ಲ. ಕೀ ಆಫ್ ಮಾಡಿದರೆ ಪಾಸಿಟಿವ್ ಹೋಯಿತು, ರಿಲೇ ಬಿಟ್ಟಿತು. ಮತ್ತೆ ಕೀ ಹಾಕಿ ಸ್ಟಾರ್ಟ್ ಮಾಡಿದರೆ ಲೈಟು ತಾನಾಗಿ ಹತ್ತುತ್ತದೆ. ಮರೆಯುವುದಕ್ಕೆ ಅವಕಾಶವೇ ಇಲ್ಲ. ಪಂಪಿನ ಸ್ಟಾರ್ಟರ್ ಬಿಚ್ಚಿ ನೋಡಿದವರಿಗೆ ಇದು ಹೊಸತಲ್ಲ, ಹಸಿರು ಬಟನ್ ಒತ್ತಿ ಬಿಟ್ಟರೂ ಪಂಪು ಓಡುತ್ತಾ ಇರುವುದು, ಕರೆಂಟು ಹೋಗಿ ಬಂದರೆ ತಾನಾಗಿ ಶುರುವಾಗದೇ ಇರುವುದು ಇದೇ ಲೆಕ್ಕದಲ್ಲಿ. ತೋಟ ಇರುವ ಮನೆಯ ಮಕ್ಕಳು ಶಾಲೆಯಲ್ಲಿ ಕಲಿಯುವ ಮೊದಲೇ ಇದನ್ನು ಕಲಿತಿರುತ್ತಾರೆ.

ಹೈ ಬೀಮಿನ ವಯರನ್ನು ನಾನು ಮುಟ್ಟಲಿಲ್ಲ, ಬೇಕೆಂದೇ. ಡಿಮ್ ಆರಿರುವಾಗ ಎಡಗೈ ಹೆಬ್ಬೆರಳಲ್ಲಿ ಡಿಪ್ಪರನ್ನು ಹೈಗೆ ದೂಡಿದರೆ ಬೆಳಕು ಬರುತ್ತದೆ. ಪಾಸ್ ಬಟನ್ ಇರುವ ಗಾಡಿಯಾದರೆ ಅದನ್ನು ಒತ್ತಿದರೂ ಸಾಕು. ಏರಿನ ನಡುವೆ ಎಂತದೋ ಅಡ್ಡ ಬಂದರೆ ಕೀ ಹುಡುಕಬೇಕಾಗಿಲ್ಲ. ಮುಂದಿನ ಸಣ್ಣ ಪಾರ್ಕಿಂಗ್ ದೀಪ, ಹಿಂದಿನ ಕೆಂಪು ದೀಪ ಎರಡೂ ಯಾವಾಗಲೂ ಉರಿಯುತ್ತಲೇ ಇರುತ್ತವೆ. ಆ ಸಣ್ಣ ದೀಪ ಅಂಗಳಕ್ಕೆ ಧಾರಾಳ ಸಾಕು.

ಕೆಲಸ ಕೂತು ಮಾಡಿದ್ದು ಜಗಲಿಯಲ್ಲಿ, ಒಂದು ಭಾನುವಾರ. ಹೆಡ್‌ಲೈಟಿನ ಡೂಮ್ ಬಿಚ್ಚಿದಾಗ ಒಳಗೆ ಮುರಕಲ್ಲಿನ ಕೆಂಪು ಹುಡಿ ಒಂದು ಪದರ, ಅದರ ಮೇಲೆ ಇರುವೆಗಳ ಸಂಸಾರ. ಕಪ್ಲರಿನ ಒಳಗೆ ಮೊಟ್ಟೆ ಸಮೇತ ಇದ್ದವು. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಡಿಮ್ಮಿನ ಕಾಲು ನೋಡಿದರೆ ಅದರ ಸುತ್ತ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿತ್ತು. ಕಪ್ಲರ್ ಸಡಿಲವಾದರೆ ಅಲ್ಲಿ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಸಡಿಲ. ಟರ್ಮಿನಲ್ಲನ್ನು ಸಣ್ಣ ಇಕ್ಕುಳದಿಂದ ಸ್ವಲ್ಪ ಬಿಗಿ ಮಾಡಿ, ಚೂರು ಗ್ರೀಸ್ ಹಚ್ಚಿ ಹಾಕಿದೆ. ಲೈಟು ಮೊದಲಿಗಿಂತ ಬೆಳ್ಳಗಾಯಿತು. ಸ್ವಿಚ್ಚು ಹಾಕದಿದ್ದರೂ ಪರವಾಗಿಲ್ಲ, ಮಳೆಗಾಲದ ಮುಂಚೆ ಇಷ್ಟನ್ನು ಎಲ್ಲರೂ ಮಾಡಬಹುದು. ಲೈಟು ಮಂದ ಅಂತ ಹ್ಯಾಲೊಜನ್ ಬಲ್ಬಿನ ಜಾಗಕ್ಕೆ ಬಿಳೀ ಎಲ್‌ಇಡಿ ಬಲ್ಬು ತುರುಕುವವರು ಮೊದಲು ಇದನ್ನು ಮಾಡಿ ನೋಡಲಿ. ಆ ರಿಫ್ಲೆಕ್ಟರು ಎಲ್‌ಇಡಿಗೆ ಮಾಡಿದ್ದಲ್ಲ, ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಚದುರುತ್ತದೆ. ಹೆಚ್ಚು ಕಿರಿಕಿರಿ ಮಾಡುವುದು ಹಗಲು ಉರಿಯುವ ಡಿಮ್ಮು ಅಲ್ಲ, ಈ ಬಲ್ಬುಗಳು.

ರಿಲೇಯನ್ನು ಡೂಮಿನ ಒಳಗೆ ಇಡಲು ಜಾಗ ಇತ್ತು, ಆದರೆ ಬಲ್ಬಿನ ಹಿಂಭಾಗ ಸುಡುತ್ತದೆ, ಅದರಿಂದ ದೂರ ಇಡಬೇಕು. ಕಾಲುಗಳು ಕೆಳಗೆ ಮುಖ ಮಾಡಿರಲಿ, ನೀರು ಬಂದರೂ ನಿಲ್ಲುವುದಿಲ್ಲ. ಬಟನ್ ಎಲ್ಲಿ ಇಡುವುದು ಅಂತ ಯೋಚನೆ ಮಾಡಿದ್ದೇ ಜಾಸ್ತಿ ಹೊತ್ತು. ಹಾರ್ನಿನ ಹತ್ತಿರ ಇಟ್ಟರೆ ಗಡಿಬಿಡಿಯಲ್ಲಿ ಒತ್ತಿ ಹೋಗುತ್ತದೆ, ರಾತ್ರಿ ತಿರುವಿನಲ್ಲಿ ಹಾರ್ನ್ ಬದಲು ಅದು ಒತ್ತಿದರೆ ಕಥೆ ಮುಗಿಯಿತು. ಹ್ಯಾಂಡಲಿನ ಮೇಲೆ ಎದ್ದು ಕಾಣುವ ಹಾಗೆ ಇದ್ದರೆ ಪೇಟೆಯಲ್ಲಿ ನಿಲ್ಲಿಸಿದಾಗ ಮಕ್ಕಳು ಸುಮ್ನೆ ಒತ್ತಿ ನೋಡುತ್ತಾರೆ. ಕೊನೆಗೆ ಹೆಡ್‌ಲೈಟಿನ ಬ್ರಾಕೆಟಿನ ಎಡಗಡೆ ಕೆಳಗೆ ಇಟ್ಟೆ. ಕೈ ಹ್ಯಾಂಡಲಿನಿಂದ ತೆಗೆದು, ಸ್ವಲ್ಪ ಬಗ್ಗಿಯೇ ಒತ್ತಬೇಕು. ಗಾಡಿ ನಿಧಾನ ಆಗದೆ ಒತ್ತಲು ಸಾಧ್ಯವಿಲ್ಲ, ಅದೇ ಬೇಕಾದದ್ದು.

ವಯರು ಎಲ್ಲ ಕಟ್ಟಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ಯಾವುದೂ ಬಿಗಿಯಾಗುವುದಿಲ್ಲ ಅಂತ ನೋಡಿ. ಲೈಟು ಉರಿಯುತ್ತಿರುವಾಗಲೇ ತಿರುಗಿಸಿ ನೋಡಿ, ಸಡಿಲ ಕನೆಕ್ಷನ್ ಇದ್ದರೆ ಆಗಲೇ ಕಣ್ಣು ಹೊಡೆಯುತ್ತದೆ. ಬರೀ ಟೇಪಿನ ಮೇಲೆ ಭರವಸೆ ಇಡಬೇಡಿ, ನಮ್ಮ ಊರಿನ ಸೆಖೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಇದೆಲ್ಲ ಹ್ಯಾಲೊಜನ್ ಬಲ್ಬಿನ ಗಾಡಿಗೆ. ಕಂಪನಿಯಿಂದಲೇ ಎಲ್‌ಇಡಿ ಹೆಡ್‌ಲೈಟ್ ಬಂದ ಹೊಸ ಗಾಡಿಗಳಲ್ಲಿ ಬಲ್ಬಿಗೆ ಕಪ್ಲರ್ ಅನ್ನುವುದೇ ಇಲ್ಲ, ಒಳಗೆ ಡ್ರೈವರ್ ಸರ್ಕ್ಯೂಟ್ ಇರುತ್ತದೆ, ಕೆಲವದರಲ್ಲಿ ಲೈಟನ್ನು ಒಂದು ಕಂಟ್ರೋಲ್ ಯುನಿಟ್ ನೋಡಿಕೊಳ್ಳುತ್ತದೆ. ಅಂಥದ್ದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ, ನಿಮಗೂ ಹೇಳುವುದಿಲ್ಲ. ಅಂಗಳದ ಏರಿಗೆ ಕಿಟಕಿಯ ಪರದೆ ದಪ್ಪ ಮಾಡುವುದು ಅದಕ್ಕಿಂತ ಅಗ್ಗ.

ಸರ್ವಿಸಿಗೆ ಕೊಡುವ ಹಿಂದಿನ ದಿನ ಎಕ್ಸ್‌ಟೆನ್ಶನ್ ತೆಗೆದಿಡುತ್ತೇನೆ. ಮೊನ್ನೆ ಅಕ್ಕನ ಮಗ ಬಂದವನು ತನ್ನ ಸ್ಕೂಟರಿಗೂ ಇದನ್ನು ಹಾಕಿಕೊಡು ಅಂದ. ಅವ ಇರುವುದು ಮಂಗಳೂರಿನ ಫ್ಲ್ಯಾಟಿನಲ್ಲಿ, ಪಾರ್ಕಿಂಗ್ ನೆಲಮಾಳಿಗೆಯಲ್ಲಿ, ಆಟಕ್ಕೆ ಹೋಗುವುದು ಕಾರಿನಲ್ಲಿ. ನಿನಗೆ ಎಂತಕ್ಕೆ ಅಂತ ಕೇಳಿದೆ. ಬ್ಯಾಟರಿ ಉಳಿಯುತ್ತದಲ್ಲ ಅಂದ. ಮೀಟರ್ ತಂದು ಅವನ ಸ್ಕೂಟರಿನ ಬ್ಯಾಟರಿಗೆ ಹಿಡಿದು ತೋರಿಸಿದೆ, 14.1 ಇತ್ತು, ಲೈಟು ಉರಿಯುತ್ತಾ ಇರುವಾಗಲೇ. ಚಾ ಕುಡಿದು ಹೋದ.